ತನ್ನ ತಾನರಿವ ದಾರಿ: ಚೀನದ ಹಿರಿಯರೂ ನಮ್ಮ ಶರಣರೂ

ಮನುಷ್ಯನು ಊರಿನವರೆಲ್ಲರ ಗುಣದೋಷಗಳನ್ನು ಬಲ್ಲನು. ಯಾರ ಹೊಲದ ಬದು ಎಷ್ಟು ಒತ್ತರಿಸಿದೆ, ಯಾರ ಮನೆಯ ಮದುವೆಗೆ ಎಷ್ಟು ಖರ್ಚಾಯಿತು, ಯಾರ ಮಗನಿಗೆ ಎಂತಹ ನೌಕರಿ ದೊರೆಯಿತು ಎಂಬುದೆಲ್ಲವೂ ಅವನ ನಾಲಗೆಯ ತುದಿಯಲ್ಲಿರುತ್ತದೆ. ಆದರೆ ತಾನು ಯಾರು, ತನಗೆ ನಿಜವಾಗಿ ಬೇಕಾದುದೇನು ಎಂದು ಕೇಳಿದಾಗ ಅವನ ಮಾತು ತಡವರಿಸುತ್ತದೆ. 12ನೆಯ ಶತಮಾನದ ಶರಣರು ಈ ಪ್ರಶ್ನೆಯನ್ನೇ ಧರ್ಮದ ಮೊದಲ ಮೆಟ್ಟಿಲಾಗಿ ಮಾಡಿದರು. ಗುಡಿಯ ದೇವರಿಗಿಂತ ಅಂಗೈಯ ಇಷ್ಟಲಿಂಗವನ್ನು ಹತ್ತಿರವಾಗಿಸಿಕೊಂಡದ್ದರ ಒಳಗುಟ್ಟೂ ಇದೇ ಆಗಿದೆ: ನೋಟವು ಹೊರಗೆ ಅಲೆಯದೆ ತನ್ನತ್ತ ತಿರುಗಬೇಕು.

ಶರಣರಿಗಿಂತ ಸಾವಿರದ ಐನೂರು ವರ್ಷಗಳಿಗೂ ಹಿಂದೆ ಚೀನದೇಶದ ಹಿರಿಯರು ಇದೇ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಕೇಳಿಕೊಂಡಿದ್ದರು. ಅವರ ಚಿಂತನೆಯನ್ನು ಅರಿಯುವುದು ನಮ್ಮ ಪರಂಪರೆಯನ್ನು ಬಿಟ್ಟುಕೊಡುವುದಕ್ಕಲ್ಲ. ನೆರೆಮನೆಯ ದೀಪದ ಬೆಳಕಿನಲ್ಲಿ ನಮ್ಮ ಮನೆಯ ಮೂಲೆಯೊಂದು ಕಾಣಿಸುವಂತೆ, ನಮ್ಮದನ್ನೇ ಇನ್ನಷ್ಟು ಸ್ಪಷ್ಟವಾಗಿ ನೋಡುವುದಕ್ಕೆ.

ಸಕ್ಕರೆ ಹೋಯಿತು, ರೇಷ್ಮೆ ಬಂದಿತು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಜನರಿಗೆ ಚೀನವೆಂದರೆ ಬಹುದೂರದ ದೇಶವೆನಿಸಬಹುದು. ಆದರೆ ಈ ನಾಡಿನ ಎರಡು ಬೆಳೆಗಳು ಆ ದೇಶದ ನೆನಪನ್ನು ಹೊತ್ತುಕೊಂಡಿವೆ. ರೇಷ್ಮೆಯ ತವರು ಚೀನ. ಹಳಗನ್ನಡದ ಕವಿಗಳು ರೇಷ್ಮೆಯ ಬಟ್ಟೆಯನ್ನು ಚೀನಾಂಬರವೆಂದೇ ಕರೆದರು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುಗಳನ್ನು ಶ್ರೀರಂಗಪಟ್ಟಣಕ್ಕೆ ತರಿಸಿ, ಮೈಸೂರು ಸೀಮೆಯಲ್ಲಿ ಆ ಉದ್ಯಮವನ್ನು ಬೇರೂರಿಸಿದನು. ಸಕ್ಕರೆಯದು ಎದುರು ದಿಕ್ಕಿನ ಪಯಣ. 7ನೆಯ ಶತಮಾನದಲ್ಲಿ ಚೀನದ ಟಾಂಗ್ ವಂಶದ ಚಕ್ರವರ್ತಿ ತೈಜೊಂಗನು ಕಬ್ಬಿನ ರಸದಿಂದ ಸಕ್ಕರೆ ಮಾಡುವ ವಿಧಾನವನ್ನು ಕಲಿತು ಬರಲು ಮಗಧಕ್ಕೆ ದೂತರನ್ನು ಕಳುಹಿಸಿದ್ದನು.

ಅದೇ ಚಕ್ರವರ್ತಿಯ ಕಾಲದಲ್ಲಿ ಅರಿವಿನ ವಿನಿಮಯವೂ ನಡೆಯಿತು. ಭಾರತವನ್ನು ಸಂಚರಿಸಿ, ನಮ್ಮ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟ ಹ್ಯೂಯೆನ್‌ತ್ಸಾಂಗನು ಸ್ವದೇಶಕ್ಕೆ ಮರಳಿದ ಮೇಲೆ, ಲಾವೋತ್ಸೆಯ ‘ದಾವ್ ದ ಜಿಂಗ್’ ಗ್ರಂಥವನ್ನು ಸಂಸ್ಕೃತಕ್ಕೆ ಅನುವಾದಿಸಬೇಕೆಂದು ಅವನಿಗೆ ರಾಜಾಜ್ಞೆಯಾಯಿತು. ಆ ಗ್ರಂಥವನ್ನು ಕೋರಿದವನು ಕಾಮರೂಪದ ಅರಸ ಭಾಸ್ಕರವರ್ಮ. ‘ದಾವ್’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಏನೆನ್ನಬೇಕೆಂಬ ವಿಷಯದಲ್ಲಿ ಅಲ್ಲಿನ ಪಂಡಿತರಲ್ಲಿ ವಾದವೆದ್ದಿತು. ‘ಬೋಧಿ’ ಎನ್ನಬೇಕೆಂದು ಕೆಲವರು ಹಠ ಹಿಡಿದರೆ, ಹ್ಯೂಯೆನ್‌ತ್ಸಾಂಗನು ‘ಮಾರ್ಗ’ ಎಂಬುದೇ ಸರಿಯೆಂದನು. ಆ ಸಂಸ್ಕೃತ ಪಾಠ ಇಂದು ಉಳಿದಿಲ್ಲ. ಆದರೆ ಅವನ ಎಚ್ಚರ ನಮಗೂ ಬೇಕಾದುದು. ಎರಡು ಪರಂಪರೆಗಳು ಹತ್ತಿರ ಬಂದಾಗ ‘ಎಲ್ಲವೂ ಒಂದೇ’ ಎಂದು ಆತುರಪಡಬಾರದು. ಹೋಲಿಕೆಯನ್ನೂ ಭೇದವನ್ನೂ ಒಟ್ಟಿಗೆ ಕಾಣಬೇಕು. ನಮ್ಮ ಕಾಲದಲ್ಲಿ ಡಾ. ಯು. ಆರ್. ಅನಂತಮೂರ್ತಿಯವರು ಈ ಗ್ರಂಥವನ್ನು ಕನ್ನಡಕ್ಕೆ ತಂದಿರುವುದರಿಂದ, ಚೀನೀ ಭಾಷೆಯನ್ನರಿಯದ ಕನ್ನಡಿಗರಿಗೂ ಆ ದಾರಿ ತೆರೆದಿದೆ.

81 ಅಧ್ಯಾಯಗಳ ಈ ಕಿರುಹೊತ್ತಗೆ ಎಷ್ಟು ಪ್ರಾಚೀನವೆಂಬುದಕ್ಕೆ ಭೂಮಿಯೇ ಸಾಕ್ಷಿ ನುಡಿದಿದೆ. 1973ರಲ್ಲಿ ಮವಾಂಗ್‌ದುಯಿ ಎಂಬಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದರಲ್ಲಿ, ರೇಷ್ಮೆಯ ಬಟ್ಟೆಯ ಮೇಲೆ ಬರೆದ ಅದರ ಪ್ರತಿಗಳು ದೊರೆತವು. 1993ರಲ್ಲಿ ಗುವೋದಿಯನ್ ಎಂಬಲ್ಲಿ ಅದಕ್ಕೂ ಹಳೆಯ ಬಿದಿರುಪಟ್ಟಿಗಳು ಸಿಕ್ಕವು.

ಭವಿಷ್ಯವಲ್ಲ, ಪ್ರಶ್ನೆ

ಚೀನದ ಪ್ರಾಚೀನ ಗ್ರಂಥಗಳಲ್ಲಿ ‘ಯೀ ಜಿಂಗ್’, ಅಂದರೆ ಬದಲಾವಣೆಗಳ ಗ್ರಂಥವು, ಲೋಕದಲ್ಲೆಲ್ಲ ಹೆಸರಾಗಿದೆ. ಆರಾರು ಗೆರೆಗಳ 64 ಆಕೃತಿಗಳು ಅದರಲ್ಲಿವೆ. ಕೆಲವು ಗೆರೆಗಳು ಅಖಂಡ, ಕೆಲವು ಮುರಿದವು. ಒಣಗಿದ ಗಿಡದ ಕಡ್ಡಿಗಳನ್ನೋ ನಾಣ್ಯಗಳನ್ನೋ ಬಳಸಿ ಒಂದು ಆಕೃತಿಯನ್ನು ಪಡೆದು, ಅದರ ಅರ್ಥವನ್ನು ಓದಿಕೊಳ್ಳುವುದು ಅಲ್ಲಿನ ಪದ್ಧತಿ. ರಿಚರ್ಡ್ ವಿಲ್‌ಹೆಲ್ಮ್ ಅವರು 1924ರಲ್ಲಿ ಇದರ ಜರ್ಮನ್ ಅನುವಾದವನ್ನು ಪ್ರಕಟಿಸಿದರು. 1950ರಲ್ಲಿ ಬಂದ ಅದರ ಇಂಗ್ಲಿಷ್ ರೂಪಕ್ಕೆ ಪ್ರಸಿದ್ಧ ಮನೋವಿಜ್ಞಾನಿ ಯೂಂಗ್ ಅವರು ಮುನ್ನುಡಿ ಬರೆದರು. ಮುಂದಾಗುವುದನ್ನು ತಿಳಿಯುವುದಕ್ಕಿಂತ, ಕೇಳುವವನು ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳಲು ಈ ಗ್ರಂಥ ನೆರವಾಗುತ್ತದೆಂಬುದು ಅವರ ಒಲವಾಗಿತ್ತು.

ಶಕುನ, ಪಂಚಾಂಗ, ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆಗಳನ್ನು ಶರಣರು ನಿರಾಕರಿಸಿದರು. ಆದ್ದರಿಂದ ಯೀ ಜಿಂಗನ್ನು ಕಣಿ ಹೇಳುವ ಪುಸ್ತಕವಾಗಿ ನಾವು ಸ್ವೀಕರಿಸಲಾರೆವು. ಆದರೆ ಅದರ ಒಳಗಿನ ಒಂದು ಮಾತನ್ನು ಸ್ವೀಕರಿಸಬಹುದು: ಯಾವ ಸ್ಥಿತಿಯೂ ಸ್ಥಿರವಲ್ಲ, ಏರಿಕೆಯ ತುದಿಯಲ್ಲಿ ಇಳಿತದ ಬೀಜವಿದೆ, ಇಳಿತದ ತಳದಲ್ಲಿ ಏರಿಕೆಯ ಬೀಜವಿದೆ. ಹೇಮಾವತಿಯ ನಾಲೆಗೆ ನೀರು ಬಂದ ವರ್ಷವನ್ನೂ ಬಾರದ ವರ್ಷವನ್ನೂ ಕಂಡ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಪ್ರಶ್ನೆಗಳು

ಕನ್‌ಫ್ಯೂಷಿಯಸನು (ಕ್ರಿ.ಪೂ. 551–479) ದೇವರನ್ನು ಕುರಿತು ಹೆಚ್ಚು ಮಾತಾಡಿದವನಲ್ಲ. ಮನೆ, ಗುರುಕುಲ, ರಾಜ್ಯ ಇವು ಅವನ ಕ್ಷೇತ್ರಗಳು. ಅವನ ಶಿಷ್ಯನಾದ ತ್ಸೆಂಗ್‌ತ್ಸುವು ದಿನದಿನವೂ ಮೂರು ವಿಷಯಗಳಲ್ಲಿ ತನ್ನನ್ನು ಪರೀಕ್ಷಿಸಿಕೊಳ್ಳುತ್ತಿದ್ದನು. ಇತರರಿಗಾಗಿ ಕೈಗೊಂಡ ಕೆಲಸದಲ್ಲಿ ಪ್ರಾಮಾಣಿಕನಾಗಿದ್ದೆನೇ? ಗೆಳೆಯರೊಡನೆ ನಂಬಿಕೆ ಉಳಿಸಿಕೊಂಡೆನೇ? ಕಲಿತುದನ್ನು ಆಚರಣೆಗೆ ತಂದೆನೇ? ಈ ಮೂರೂ ಪ್ರಶ್ನೆಗಳ ಭಾವವನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಇವುಗಳಲ್ಲಿ ಯಾವುದನ್ನೂ ಗವಿಯಲ್ಲಿ ಒಬ್ಬನೇ ಕುಳಿತು ಉತ್ತರಿಸಲಾಗದು. ತನ್ನನ್ನು ತಾನು ಅರಿಯುವುದು ಇತರರೊಡನೆ ಬಾಳುವಲ್ಲಿಯೇ. ಕಲ್ಯಾಣದ ಅನುಭವ ಮಂಟಪದಲ್ಲಿ ಶರಣರು ಕೂಡಿ ಕುಳಿತು ಒಬ್ಬರ ಅನುಭಾವವನ್ನು ಇನ್ನೊಬ್ಬರು ಒರೆಗೆ ಹಚ್ಚಿದ್ದೂ ಇದೇ ತತ್ವದ ಮೇಲೆ.

ಕನ್‌ಫ್ಯೂಷಿಯಸನು ತನ್ನ ಬಾಳಿನ ಬೆಳವಣಿಗೆಯನ್ನು 15ರಿಂದ 70ರವರೆಗೆ ಆರು ಘಟ್ಟಗಳಲ್ಲಿ ಗುರುತಿಸಿಕೊಂಡಿದ್ದಾನೆ: ಕಲಿಕೆಗೆ ಮನಸ್ಸಿಟ್ಟ ವಯಸ್ಸಿನಿಂದ ಹಿಡಿದು, ಮನಸ್ಸು ಬಯಸಿದುದೂ ಧರ್ಮವೂ ಬೇರೆಯಾಗಿ ಉಳಿಯದ ವಯಸ್ಸಿನವರೆಗೆ. ನಮ್ಮ ಷಟ್‌ಸ್ಥಲದಲ್ಲಿಯೂ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳಿವೆ. ಸಂಖ್ಯೆ ಕೂಡಿದ ಮಾತ್ರಕ್ಕೆ ಎರಡೂ ಒಂದೆನ್ನಲಾಗದು. ಒಂದು ವಯಸ್ಸಿನ ಏಣಿ, ಇನ್ನೊಂದು ಭಕ್ತಿಯ ಏಣಿ. ಆದರೂ ಅರಿವು ಒಂದೇ ದಿನದಲ್ಲಿ ಸಿದ್ಧಿಸದು, ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬ ತಾಳ್ಮೆ ಎರಡರಲ್ಲಿಯೂ ಇದೆ.

ಭೇದವನ್ನೂ ಹೇಳಬೇಕು. ಕನ್‌ಫ್ಯೂಷಿಯಸನ ಪರಂಪರೆ ಅರಸ–ಪ್ರಜೆ, ತಂದೆ–ಮಗ, ಗಂಡ–ಹೆಂಡತಿ ಎಂಬ ಮೇಲು–ಕೆಳಗುಗಳನ್ನು ಸಮಾಜದ ಕಂಬಗಳನ್ನಾಗಿ ನಿಲ್ಲಿಸಿತು. ಶರಣರು ಆ ಮೇಲು–ಕೆಳಗನ್ನೇ ಪ್ರಶ್ನಿಸಿದರು. ಅಕ್ಕಮಹಾದೇವಿಯವರು ಮಂಟಪದಲ್ಲಿ ಅಲ್ಲಮಪ್ರಭುದೇವರ ಎದುರು ನಿಂತು ಉತ್ತರಿಸಿದ ಪರಂಪರೆ ನಮ್ಮದು. ಇದನ್ನು ಬಿಟ್ಟು ಅದನ್ನು ತಲೆಯ ಮೇಲೆ ಹೊರುವ ಅಗತ್ಯವಿಲ್ಲ.

ಪೈರನ್ನು ಎಳೆದ ರೈತ

ಕನ್‌ಫ್ಯೂಷಿಯಸನ ಪರಂಪರೆಯಲ್ಲಿ ಬಂದ ಮೆನ್ಷಿಯಸನು ಒಬ್ಬ ರೈತನ ಕಥೆಯನ್ನು ಹೇಳಿದ್ದಾನೆ. ಸೊಂಗ್ ಎಂಬ ರಾಜ್ಯದ ಆ ರೈತನಿಗೆ ತನ್ನ ಗದ್ದೆಯ ಪೈರು ಬೇಗ ಬೆಳೆಯುತ್ತಿಲ್ಲವೆಂಬ ಚಿಂತೆ. ಒಂದು ದಿನ ಒಂದೊಂದೇ ಪೈರನ್ನು ಹಿಡಿದು ಸ್ವಲ್ಪ ಸ್ವಲ್ಪ ಮೇಲಕ್ಕೆ ಎಳೆದನು. ಸಂಜೆ ಬಳಲಿ ಮನೆಗೆ ಬಂದು, ಪೈರು ಬೆಳೆಯಲು ಇಂದು ನೆರವಾದೆನೆಂದು ಹೆಮ್ಮೆಪಟ್ಟನು. ಮಗನು ಓಡಿಹೋಗಿ ನೋಡಿದರೆ ಪೈರೆಲ್ಲವೂ ಬಾಡಿ ಮಲಗಿತ್ತು.

ನಾಟಿಯ ಕಾಲವನ್ನು ಬಲ್ಲ ನಮ್ಮ ತಾಲ್ಲೂಕುಗಳ ತಾಯಿತಂದೆಯರು ಈ ಕಥೆಗೆ ನಗಬಹುದು. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿಗಳ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಪೈರನ್ನು ಎಳೆಯುವ ಕೆಲಸ ನಡೆಯುವುದಿಲ್ಲ? ನೆರೆಮನೆಯ ಹುಡುಗಿ ವೈದ್ಯಕೀಯಕ್ಕೆ ಸೇರಿದಳೆಂದು, ಚಿತ್ರ ಬರೆಯುವುದರಲ್ಲಿಯೋ ಕೃಷಿಯಲ್ಲಿಯೋ ಮನಸ್ಸಿರುವ ಮಗನನ್ನು ಅದೇ ದಾರಿಗೆ ನೂಕುವುದು ಪ್ರೀತಿಯೇ ಹೌದು, ಅರಿವಲ್ಲ. ಎಲ್ಲರೆದೆಯಲ್ಲಿಯೂ ಕರುಣೆ, ನಾಚಿಕೆ, ವಿನಯ, ವಿವೇಕಗಳ ಮೊಳಕೆಗಳು ಹುಟ್ಟಿನಿಂದಲೇ ಇವೆಯೆಂದು ಮೆನ್ಷಿಯಸನು ನಂಬಿದ್ದನು. ಮೊಳಕೆಗೆ ನೀರು ಬೇಕು, ಬೇಲಿ ಬೇಕು, ಎಳೆತ ಬೇಡ. ತನ್ನ ಈಡೇರದ ಆಸೆ ಯಾವುದು, ಮಗುವಿನ ಒಲವು ಯಾವುದು ಎಂದು ಬಿಡಿಸಿ ನೋಡಲಾಗದ ತಂದೆ ತನ್ನನ್ನು ಇನ್ನೂ ಅರಿತಿಲ್ಲ.

ಕೈಯಲ್ಲಿರುವ ಅರಿವು

ಕ್ರಿ.ಪೂ. 4ನೆಯ ಶತಮಾನದ ಚುವಾಂಗ್‌ತ್ಸುವಿನ ಹೆಸರಿನ ಗ್ರಂಥದಲ್ಲಿ ಗಾಡಿಯ ಚಕ್ರ ಮಾಡುವ ಒಬ್ಬ ಮುದುಕನ ಕಥೆಯಿದೆ. ಅರಸನು ಮೇಲೆ ಕುಳಿತು ಗ್ರಂಥ ಓದುತ್ತಿದ್ದನು. ಕೆಳಗೆ ಮರ ಕೆತ್ತುತ್ತಿದ್ದ ಮುದುಕನು ಉಳಿಯನ್ನು ಬದಿಗಿಟ್ಟು, ಅದು ಯಾರ ಮಾತೆಂದು ವಿಚಾರಿಸಿದನು. ಗತಿಸಿದ ಜ್ಞಾನಿಗಳದೆಂದು ತಿಳಿದಾಗ, ಹಾಗಾದರೆ ತಾವು ಓದುತ್ತಿರುವುದು ಬರಿಯ ಚರಟವೆಂದುಬಿಟ್ಟನು. ಕೆರಳಿದ ಅರಸನಿಗೆ ಅವನು ಕೊಟ್ಟ ಸಮಾಧಾನದ ತಿರುಳಿಷ್ಟು: ಕೆತ್ತುವ ಹದ ನಿಧಾನವೂ ಆಗಬಾರದು, ಅವಸರವೂ ಆಗಬಾರದು. ಆ ಹದ ಕೈಗೆ ಗೊತ್ತು, ಮನಸ್ಸಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಅದನ್ನು ಸ್ವಂತ ಮಗನಿಗೂ ಹೇಳಿಕೊಡಲಾಗದೆ 70ರ ವಯಸ್ಸಿನಲ್ಲಿಯೂ ತಾನೇ ಚಕ್ರ ಮಾಡುತ್ತಿದ್ದೇನೆ. ಹಾಗೆಯೇ ಆ ಜ್ಞಾನಿಗಳ ಹೇಳಲಾಗದ ಅರಿವೂ ಅವರೊಡನೆಯೇ ಹೋಗಿರಬೇಕು.

ಮಂಡ್ಯ ಸೀಮೆಯ ಆಲೆಮನೆಯಲ್ಲಿ ನಿಂತವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಕ್ಷಣದಲ್ಲಿ ಪಾಕಕ್ಕೆ ಬಂದಿತೆಂಬುದನ್ನು ಅನುಭವಿಯು ಗುಳ್ಳೆ ಒಡೆಯುವ ರೀತಿಯಿಂದಲೇ ಬಲ್ಲನು. ಒಂದು ಗಳಿಗೆ ತಪ್ಪಿದರೆ ಬೆಲ್ಲ ಅಚ್ಚಿಗೆ ನಿಲ್ಲದು, ಇಲ್ಲವೇ ಸೀದುಹೋಗುವುದು. ನಾಗಮಂಗಲದ ಲೋಹಶಿಲ್ಪಿಗಳು ಕರಗಿದ ಲೋಹವನ್ನು ಎರಕಕ್ಕೆ ಹೊಯ್ಯುವ ಹದವೂ ಇಂತಹುದೇ. ಈ ಹದವನ್ನು ಶರಣರು ಕಾಯಕದೊಳಗೆ ಕಂಡರು. ಅಂಬಿಗರು, ಮಡಿವಾಳರು, ಮೇದರು, ಒಕ್ಕಲಿಗರು ತಮ್ಮ ಕಸುಬನ್ನು ಬಿಡದೆ ಅನುಭಾವಿಗಳಾದರು. ಆದರೆ ಚುವಾಂಗ್‌ತ್ಸುವು ನಿಲ್ಲುವಲ್ಲಿ ಅವರು ನಿಲ್ಲಲಿಲ್ಲ. ಚಕ್ರ ಮಾಡುವವನ ಕಥೆ ಕುಶಲತೆಯಲ್ಲಿ ಮುಗಿಯುತ್ತದೆ. ಕಾಯಕದ ಫಲವು ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕೆಂಬುದು ಶರಣರು ಇಟ್ಟ ಮುಂದಿನ ಹೆಜ್ಜೆ.

ತಗ್ಗಿನ ನೀರು, ಬಯಲಿನ ಬೆಲೆ

ಲಾವೋತ್ಸೆಗೆ ಪ್ರಿಯವಾದ ಎರಡು ಉಪಮೆಗಳು ನೀರು ಮತ್ತು ಬರಿದು. ನೀರು ಎಲ್ಲರಿಗೂ ಉಪಕಾರ ಮಾಡಿ, ಯಾರೂ ಬಯಸದ ತಗ್ಗಿನಲ್ಲಿ ನಿಲ್ಲುತ್ತದೆ. ತಗ್ಗಿನಲ್ಲಿರುವುದರಿಂದಲೇ ಕಡಲು ಎಲ್ಲ ಹೊಳೆಗಳಿಗೂ ಒಡೆಯನಾಗಿದೆ. ನಾಗಮಂಗಲದ ಕಡೆಯಿಂದ ಇಳಿದುಬರುವ ಲೋಕಪಾವನಿಯು ಶ್ರೀರಂಗಪಟ್ಟಣದ ಬಳಿ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಕೃಷ್ಣರಾಜಪೇಟೆಯನ್ನು ಹಾಯ್ದ ಹೇಮಾವತಿಯು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಅದನ್ನು ಕೂಡುತ್ತದೆ. ಕಾವೇರಿ ದೊಡ್ಡವಳಾದದ್ದು ಅವೆರಡಕ್ಕಿಂತಲೂ ತಗ್ಗಿನಲ್ಲಿ ಹರಿದುದರಿಂದ. ಮನೆಯ ಹಿರಿಯರ ಹಿರಿತನವೂ ಬಾಗುವುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೇ?

ಎರಡನೆಯದು ಬರಿದು. ಗಡಿಗೆಯು ಮಣ್ಣಿನಿಂದ ಆದರೂ ಉಪಯೋಗಕ್ಕೆ ಬರುವುದು ಅದರೊಳಗಿನ ಪೊಳ್ಳು. ಮನೆಯು ಗೋಡೆಗಳಿಂದ ಆದರೂ ನಾವು ಬಾಳುವುದು ಗೋಡೆಗಳ ನಡುವಿನ ತೆರವಿನಲ್ಲಿ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ನೋಡಿರಿ. ಬೆಟ್ಟಗಳ ನಡುವೆ ಬರಿದಾದ ಜಾಗವಿದ್ದುದರಿಂದಲೇ ಅಲ್ಲಿ ನೀರು ನಿಂತಿತು. ‘ನಾನು’ ಎಂಬುದರಿಂದ ತುಂಬಿತುಳುಕುವ ಮನಸ್ಸಿನಲ್ಲಿ ಮತ್ತೊಬ್ಬರ ಮಾತಿಗೆ ಎಡೆಯೆಲ್ಲಿ?

ನಮ್ಮ ಪರಂಪರೆಯಲ್ಲಿ ಇದಕ್ಕೆ ಬಯಲು, ಶೂನ್ಯವೆಂಬ ಹಿರಿಯ ಹೆಸರುಗಳಿವೆ. ಅಲ್ಲಮಪ್ರಭುದೇವರನ್ನು ಕೇಂದ್ರವಾಗಿಟ್ಟು ಹುಟ್ಟಿದ ‘ಶೂನ್ಯಸಂಪಾದನೆ’ಯೆಂಬ ಹೆಸರೇ ಸೋಜಿಗದ್ದು: ಏನೂ ಇಲ್ಲದುದನ್ನು ಗಳಿಸುವುದು! ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಿಂದ ಬೆಂಗಳೂರಿನತ್ತ ಸಾಗಿದರೆ ಸಿಗುವ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿದೆ. ಕಗ್ಗೆರೆಯ ತೋಂಟದಲ್ಲಿ ತಪಸ್ಸಿಗೆ ಕುಳಿತ ಆ ಯತಿಗಳ ಮೇಲೆ ಹುತ್ತವೇ ಬೆಳೆಯಿತೆಂದು ಭಕ್ತರು ನೆನೆಯುತ್ತಾರೆ. ತಪಸ್ಸಿನಿಂದೆದ್ದ ಅವರು ಜನರ ನಡುವೆ ನಡೆದು, ಶಿಷ್ಯರನ್ನು ರೂಪಿಸಿ, ಷಟ್‌ಸ್ಥಲ ಶಾಸ್ತ್ರವನ್ನು 701 ವಚನಗಳಲ್ಲಿ ಕಟ್ಟಿಕೊಟ್ಟರು. ಚೀನದ ಲಾವೋತ್ಸೆ ರಾಜ್ಯದ ಗೊಂದಲಕ್ಕೆ ಬೇಸತ್ತು ಗಡಿಯಾಚೆ ಹೊರಟುಹೋದನೆಂಬುದು ಅಲ್ಲಿನ ಐತಿಹ್ಯ. ಸಿದ್ಧಲಿಂಗೇಶ್ವರರು ಜನರತ್ತ ಮರಳಿದರೆಂಬುದು ನಮ್ಮ ಐತಿಹ್ಯ. ಬಯಲನ್ನು ಕಂಡವರು ಮರಳಿ ಮನೆಬಾಗಿಲಿಗೆ ಬರುವುದೇ ಶರಣಮಾರ್ಗದ ವೈಶಿಷ್ಟ್ಯ.

ಚೀಲವನ್ನು ಬಿಚ್ಚಿ ನೋಡಿದ ತಾಯಿ

ಇತರರನ್ನು ಅರಿಯುವುದು ಬುದ್ಧಿವಂತಿಕೆ, ತನ್ನನ್ನು ಅರಿಯುವುದು ಬೆಳಕು ಎಂಬ ಅಭಿಪ್ರಾಯವನ್ನು ಲಾವೋತ್ಸೆ ಪ್ರಕಟಿಸಿದ್ದಾನೆ. ಅದರೊಡನೆಯೇ, ‘ಸಾಕು’ ಎಂಬುದನ್ನು ಬಲ್ಲವನೇ ಸಿರಿವಂತನೆಂದು ಸೇರಿಸುತ್ತಾನೆ. ತನ್ನನ್ನು ಅರಿತುದಕ್ಕೆ ಗುರುತು ಅದು.

ಈ ತತ್ವಕ್ಕೆ ಮನೆಯೊಳಗಿನ ರೂಪ ಕೊಟ್ಟವರು ಆಯ್ದಕ್ಕಿ ಮಾರಯ್ಯನವರ ಪತ್ನಿ ಲಕ್ಕಮ್ಮನವರು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದು ತಮಗೆ ಸಲ್ಲದೆಂದು ತಿಳಿಹೇಳಿ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದರು. ಮಾರಯ್ಯನವರು ಮಹಾಶರಣರು. ಅವರಿಗೇ ಕಾಣದ ಹೆಚ್ಚಳ ಲಕ್ಕಮ್ಮನವರಿಗೆ ಕಂಡಿತು. ಏಕೆಂದರೆ ಆ ಮನೆಯಲ್ಲಿ ಗಂಡನು ತಂದುದನ್ನು ಹೆಂಡತಿಯ ಮುಂದೆ ಸುರಿಯುವ ರೂಢಿಯಿತ್ತು, ಆಕೆಯ ಮಾತನ್ನು ಕೇಳುವ ವಿನಯವಿತ್ತು.

ನಮ್ಮ ಮನೆಗಳಲ್ಲಿ ಈ ರೂಢಿ ಉಳಿದಿದೆಯೇ? 2015ರಲ್ಲಿ ಮಂಡ್ಯ ಜಿಲ್ಲೆಯ ಅನೇಕ ರೈತರು ಸಾಲದ ಭಾರ ತಾಳಲಾರದೆ ಜೀವ ಕಳೆದುಕೊಂಡರು. ಅವರಲ್ಲಿ ಕಬ್ಬು ಬೆಳೆಗಾರರೂ ಇದ್ದರು. ಸಕ್ಕರೆಯ ಬೆಲೆ ಕುಸಿದದ್ದು, ಕಾರ್ಖಾನೆಗಳಿಂದ ಬರಬೇಕಾದ ಹಣ ತಡವಾದದ್ದು ಆ ದುರಂತದ ಕಾರಣಗಳಲ್ಲಿ ಸೇರಿದ್ದವು. ಅಂತಹವರಿಗೆ ‘ಸಾಕೆಂಬುದನ್ನು ಕಲಿಯಿರಿ’ ಎಂದು ಉಪದೇಶಿಸುವುದು ಕ್ರೌರ್ಯ. ಲಾವೋತ್ಸೆಯೂ ಹಾಗೆ ಹೇಳಲಿಲ್ಲ. ಜನರು ಹಸಿಯುವುದು ಆಳುವವರು ತೆರಿಗೆಯನ್ನು ಅತಿಯಾಗಿ ನುಂಗುವುದರಿಂದಲೇ ಎಂದು ಅವನು ಸ್ಪಷ್ಟವಾಗಿ ನುಡಿದಿದ್ದಾನೆ. ‘ಸಾಕು’ ಎಂಬ ಪಾಠ ಮೊದಲು ಸಲ್ಲಬೇಕಾದುದು ಉಳ್ಳವರಿಗೆ, ಆಳುವವರಿಗೆ.

ಆದರೆ ನಮ್ಮ ಕೈಯಲ್ಲಿರುವ ಒಂದು ಪಾಲೂ ಇದೆ. ಬೆಳೆಗೆಂದು ತಂದ ಸಾಲ ಬೇರೆ, ನೆಂಟರಿಷ್ಟರ ಮುಂದೆ ತಲೆತಗ್ಗಬಾರದೆಂದು ಮದುವೆಗೆ, ಗೃಹಪ್ರವೇಶಕ್ಕೆ ತಂದ ಸಾಲ ಬೇರೆ. ಎರಡನೆಯದರಲ್ಲಿ ನಾವು ತೀರಿಸುವುದು ನಮ್ಮ ಬಯಕೆಯನ್ನಲ್ಲ. ಊರ ಕಣ್ಣಿನಲ್ಲಿರುವ ನಮ್ಮ ಪ್ರತಿಬಿಂಬದ ಬಯಕೆಯನ್ನು. ಅದಕ್ಕಿಂತಲೂ ಅಪಾಯದ್ದು ಮೌನ. ಸಾಲದ ಲೆಕ್ಕ ಹೆಂಡತಿಗೆ ತಿಳಿಯದ, ಬೆಳೆದ ಮಕ್ಕಳಿಗೆ ತಿಳಿಯದ ಮನೆಗಳು ಇಂದಿಗೂ ಇವೆ. ಮರ್ಯಾದೆಗೆ ಅಂಜಿ ಬಿಗಿದುಕಟ್ಟಿದ ಚೀಲ ಹೊತ್ತವನನ್ನೇ ಕುಸಿಯುವಂತೆ ಮಾಡುತ್ತದೆ. ಬಿಚ್ಚಿ ಮುಂದಿಟ್ಟರೆ ಮನೆಯವರು ಎತ್ತಲು ಕೈಕೊಡಬಲ್ಲರು. ಮನೆಯವರಿಗೂ ಹೇಳಲಾಗದಷ್ಟು ಮನಸ್ಸು ಕುಗ್ಗಿದಾಗ, 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಉಚಿತ ದೂರವಾಣಿ 14416ಕ್ಕೆ ಕರೆಮಾಡುವುದರಲ್ಲಿ ಯಾವ ಕೀಳರಿಮೆಯೂ ಬೇಡ.

ಮನೆಯಲ್ಲಿ ಆಚರಿಸಬಹುದಾದ ಕ್ರಮ

ಇಷ್ಟನ್ನೂ ಬಾಳಿಗೆ ತರುವುದು ಕಷ್ಟವಲ್ಲ. ದಿನವೂ ಸಂಜೆ ಇಷ್ಟಲಿಂಗಪೂಜೆ ಮುಗಿದ ಮೇಲೆ ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಒಟ್ಟಿಗೆ ಕೂಡಬೇಕು. ತ್ಸೆಂಗ್‌ತ್ಸುವಿನಂತೆ ಮೂರು ಪ್ರಶ್ನೆಗಳನ್ನು, ಆದರೆ ನಮ್ಮ ಮಾತಿನಲ್ಲಿ, ಕೇಳಿಕೊಳ್ಳಬೇಕು. ಇಂದಿನ ಕಾಯಕವನ್ನು ಮನಸ್ಸಿಟ್ಟು ಮಾಡಿದೆನೇ? ಇಂದು ಯಾವ ಪೈರನ್ನಾದರೂ ಅವಸರದಿಂದ ಎಳೆದೆನೇ? ಇಂದು ಬಯಸಿದುದು ನನಗೆ ಬೇಕಾದುದೇ, ಊರಿಗೆ ತೋರಿಸಬೇಕಾದುದೇ? ವಾರಕ್ಕೊಮ್ಮೆ ಮನೆಯ ಜಮಾಖರ್ಚಿನ ಪುಸ್ತಕವನ್ನೂ ಅದೇ ಜಗುಲಿಯಲ್ಲಿ ತೆರೆದಿಡಬೇಕು. ಹಿರಿಯರು ಮೊದಲು ಉತ್ತರಿಸಲಿ. ಆಗ ಕಿರಿಯರು ಅಂಜದೆ ಮಾತಾಡುವರು. ಹೆಣ್ಣುಮಕ್ಕಳ ಮಾತು ಕೊನೆಯದಾಗದಿರಲಿ.

ಚೀನದ ಹಿರಿಯರು ತಮ್ಮ ದಾರಿಯನ್ನು ದಾವ್ ಎಂದರು, ನಮ್ಮವರು ಶರಣಮಾರ್ಗವೆಂದರು. ನಡೆಯದ ಹೊರತು ಎರಡೂ ಬರಿಯ ಹೆಸರುಗಳು. ಮಾರಯ್ಯನವರಂತೆ ತಂದುದನ್ನು ಮನೆಯವರ ಮುಂದಿಡುವ ಧೈರ್ಯವೂ, ಲಕ್ಕಮ್ಮನವರಂತೆ ಕಂಡುದನ್ನು ಪ್ರೀತಿಯಿಂದ ಹೇಳುವ ನಿಷ್ಠುರತೆಯೂ ನಮ್ಮ ಪ್ರತಿಯೊಂದು ಮನೆಯಲ್ಲಿಯೂ ನೆಲೆಗೊಳ್ಳಲಿ.